ಮಾಡಿಲ್ಲದ ಕಾರು

ನರಸಿಂಹರಾಜಪುರದ ಮುಚ್ಚಿದ ಸಾಮಿಲ್ಲಿನ ಹಿಂದೆ
ಮರದ ಹೊಟ್ಟಿನಡಿ ಸಿಕ್ಕಿತಂತೆ.
ಮಿನಿ ಲಾರಿಯಲ್ಲಿ ಹೇರಿ ತಂದು
ಶಿವಮೊಗ್ಗದಲ್ಲಿ, ನನ್ನ ಶೆಡ್ಡಿನ ಮುಂದೆ ಇಳಿಸಿದಾಗ
ಬಾನೆಟ್ಟಿನೊಳಗಿಂದ ಇಲಿಯೊಂದು ಹೊರಬಿದ್ದು
ಬಾಕಿ ಉಳಿಸಿದ ಬಾಡಿಗೆದಾರನಂತೆ
ತಿರುಗಿ ನೋಡದೆ ನಡೆಯಿತು.

ಎರಡೇ ಸೀಟು. ಮೇಲೆ ಮಾಡಿಲ್ಲ.
ಮಲೆನಾಡಿಗೆ ಇಂಥದ್ದನ್ನು ತಂದ ಪುಣ್ಯಾತ್ಮ
ಯಾವ ತಿಂಗಳಲ್ಲಿ ತಂದನೋ.
ಆಷಾಢದಲ್ಲಂತೂ ಅಲ್ಲ.

ಕೊಂಡವರು ಡಾಕ್ಟರ್ ಕಾತ್ಯಾಯಿನಿ,
ದುರ್ಗಿಗುಡಿಯಲ್ಲಿ ಮೂವತ್ತೆಂಟು ವರ್ಷ
ಊರಿನ ಹಲ್ಲು ಕಿತ್ತವರು.
ದಿನಾ ಸಂಜೆ ಬಂದು ಬಾಗಿಲಲ್ಲೇ ನಿಂತು,
"ಆಯ್ತಾ ವಿನ್ಸೆಂಟ್?"
"ಇನ್ನೂ ಮಾಡಿಲ್ಲ ಮೇಡಂ."
"ಮಾಡಿಲ್ಲ ಅಂತ ಗೊತ್ತಪ್ಪಾ, ಅದಕ್ಕೇ ತಗೊಂಡಿದ್ದು."
ಅಂದು ತಾವೇ ನಗುವರು.
ನನಗೆ ಅರ್ಥವಾಗಲು ನಾಲ್ಕು ಸಂಜೆ ಬೇಕಾಯಿತು.

ತಳದ ತಗಡು ಹಪ್ಪಳ.
ಸ್ಕ್ರೂಡ್ರೈವರ್ ಒತ್ತಿದರೆ ನೆಲದ ಇರುವೆಗಳು ಕಂಡವು.
ಬ್ರೇಕಿನ ಸಿಲಿಂಡರ್ ನಾಲ್ಕೂ ಕಚ್ಚಿ ಕೂತಿದ್ದವು,
ಸೀಮೆಎಣ್ಣೆಯಲ್ಲಿ ಮೂರು ದಿನ ನೆನೆಸಿ
ಬೈದು, ಮುದ್ದಿಸಿ, ಮತ್ತೆ ಬೈದ ಮೇಲೆ
ಒಂದು ಬಂತು.
ಚಕ್ರಕ್ಕೆ ನಲವತ್ತೆಂಟು ಕಡ್ಡಿ. ಬೆರಳಲ್ಲಿ ಮೀಟುತ್ತಾ ಹೋದರೆ
ಸಡಿಲಾದದ್ದು ತಾನೇ ಒಪ್ಪಿಕೊಳ್ಳುತ್ತದೆ.
ವಾಲ್ವುಗಳಿಗೆ ಪೇಸ್ಟು ಹಚ್ಚಿ
ಅಂಗೈಗಳ ನಡುವೆ ಕೋಲು ತಿರುಗಿಸಿ ತಿರುಗಿಸಿ
ಕಡೆದೆ, ಬೆಣ್ಣೆ ಬರುವುದೇನೋ ಎಂಬಂತೆ.

ಪಿತ್ತಳೆಯ ಬುಷ್ಷುಗಳನ್ನು ಲೇತಿನಲ್ಲಿ ತೆಗೆದುಕೊಟ್ಟವರು
ಮೌನೇಶಾಚಾರ್ರು. ಹೆಸರಿಗೆ ತಕ್ಕವರು.
ಹಳೆಯದನ್ನು ಬೆಳಕಿಗೆ ಹಿಡಿದರು, ಹೊಸದನ್ನು ಕೈಗಿಟ್ಟರು,
ದುಡ್ಡಿಗೆ ಬೆರಳು ತೋರಿಸಿದರು.
ಇಂಗ್ಲೆಂಡಿನಿಂದಲೇ ಬರಬೇಕು ಎಂದಿದ್ದ ರಬ್ಬರ್ ರಿಂಗು
ಪಂಪ್‌ಸೆಟ್ ಅಂಗಡಿಯಲ್ಲಿ ನಾಲ್ಕು ರೂಪಾಯಿಗೆ ಸಿಕ್ಕಿತು.

ಜೆಟ್ಟು ಕಟ್ಟಿಕೊಂಡ ದಿನ ಮೇಡಂ ಚೀಲ ತೆರೆದು
ಹಲ್ಲು ಕೆದಕುವ ಕೊಕ್ಕೆ ತೆಗೆದರು.
ಕಾರ್ಬುರೇಟರಿನ ಮುಂದೆ ಬಗ್ಗಿ
"ಆ ಅನ್ನು" ಎಂದರು. ನಿಜವಾಗಿ ಎಂದರು.
ಮೂವತ್ತು ವರ್ಷದ ಜಿಡ್ಡು ಎಳ್ಳಷ್ಟು ಚೂರಾಗಿ ಬಂತು.

ಆಮೇಲೆ ನಾನು ಹೆದರಿದ್ದ ಕೆಲಸ.
ಎರಡು ಕಾರ್ಬುರೇಟರು, ಎರಡೂ ಒಂದೇ ಸಮ ಉಸಿರಾಡಬೇಕು.
ರಬ್ಬರ್ ನಳಿಗೆ ಕಿವಿಗಿಟ್ಟು ಕೇಳಿಯೇ ತಿರುವಬೇಕು ಸ್ಕ್ರೂ.
ನನ್ನ ಎಡಗಿವಿಯನ್ನು ಗ್ರೈಂಡರ್ ತಿಂದು ಹತ್ತು ವರ್ಷ.
ಯಾರಿಗೂ ಹೇಳಿರಲಿಲ್ಲ.
ಅವರಿಗೆ ಹೇಳಿದೆ.
"ನನ್ನ ಬಲದ್ದು ಡ್ರಿಲ್ಲಿಗೆ ಹೋಯ್ತು ಮಾರಾಯಾ,
ಕೊಡು ಇಲ್ಲಿ ಒಂದು ನಳಿಗೆ."

ಅವರ ಎಡಗಿವಿ ಹಿಂದಿನದಕ್ಕೆ, ನನ್ನ ಬಲಗಿವಿ ಮುಂದಿನದಕ್ಕೆ.
"ನಿಂದು ಹೇಗಿದೆ?"
"ಹಾವಿನ ಥರ. ನಿಮ್ದು?"
"ಕುಕ್ಕರು. ಇನ್ನೇನು ಸೀಟಿ ಹೊಡೆಯುತ್ತೆ."
ಕಾಲು ಸುತ್ತು. "ಈಗ?"
"ಸಣ್ಣ ಕುಕ್ಕರು."
ಅರ್ಧಗಂಟೆಯ ಮೇಲೆ ಹಾವು ಎರಡಾದವು,
ಒಂದೇ ಹುತ್ತದವು.

ಬಟ್ಟೆಯ ಮಾಡು ಹೊಲಿದವನು ಝಬೀವುಲ್ಲಾ,
ಆಟೋರಿಕ್ಷಾಗಳ ಟಾಪಿನವನು.
ಕೈ ರೂಢಿಗೆ ಸುತ್ತಲೂ ಹಳದಿ ಅಂಚು ಕೊಟ್ಟುಬಿಟ್ಟ.
ಬಿಚ್ಚುತ್ತೇನೆ ಎಂದರೆ ಮೇಡಂ ಬಿಡಲಿಲ್ಲ.
"ಇರಲಿ, ಮೀಟರ್ ಒಂದು ಹಾಕ್ಸು."

ಹೊರಟೆವು, ತೀರ್ಥಹಳ್ಳಿ ರಸ್ತೆಗೆ,
ಮಾಡನ್ನು ಮಡಚಿ ಬೆನ್ನ ಹಿಂದೆ ಕೂರಿಸಿ.
ಅವರು ಬಲಕ್ಕೆ, ಸ್ಟೇರಿಂಗಿಗೆ. ನಾನು ಎಡಕ್ಕೆ.
ಗಾಜನೂರು ದಾಟಿದ ಮೇಲೆ ಹೊಳೆಯಿತು:
ಕೇಳದ ಕಿವಿಗಳೆರಡೂ ಹೊರಗೆ, ಗಾಳಿಗೆ;
ಕೇಳುವವೆರಡೂ ಒಳಗೆ, ಎದುರುಬದುರು.
ಯಾರೋ ಅಳತೆ ತೆಗೆದು ಕೂರಿಸಿದ ಹಾಗೆ.
ಹಿಂದಿನ ಲಾರಿಯವನು ಎಷ್ಟು ಹೊತ್ತಿನಿಂದ
ಹಾರ್ನ್ ಹೊಡೆಯುತ್ತಿದ್ದನೋ ದೇವರೇ ಬಲ್ಲ.

ಮಂಡಗದ್ದೆಯ ಹತ್ತಿರ ಎಲ್ಲೋ ಒಳಗೆ
ಟಿಕ್, ಟಿಕ್, ಟಿಕ್.
ಇಬ್ಬರಿಗೂ ಕೇಳಿಸಿತು.
"ಅದೇನದು?"
"ಅದಾ? ಅದೊಂದು ಇನ್ನೂ ಮಾಡಿಲ್ಲ ಮೇಡಂ."
ಅವರು ತಲೆಯೆತ್ತಿ ಒಂದು ಸಲ
ಮೇಲೆ ನೋಡಿದರು.
"ಹೂಂ," ಎಂದರು, "ಮಾಡಿಲ್ಲ,"
ಎಂದು ಗೇರು ಬದಲಿಸಿದರು.