ಒಂದು ನಿಜಕ್ಕೆ ಮೂರು ಸುಳ್ಳು

ಇಪ್ಪತ್ತಾರು ವರ್ಷದಿಂದ
‘ಜಾಣರ ಕಟ್ಟೆ’ಗೆ ಪ್ರಶ್ನೆ ಬರೆಯುವವಳು ನಾನು.
ಪರದೆಯ ಮೇಲೆ ಹೆಸರುಗಳು ಓಡುವಾಗ
ಕೊನೆಯಿಂದ ನಾಲ್ಕನೆಯದು.
ಅಷ್ಟರಲ್ಲಿ ಜನ ಕುಕ್ಕರ್ ಇಳಿಸಲು ಎದ್ದಿರುತ್ತಾರೆ.

ಮೊದಲು ಸುಲಭವಿತ್ತು:
ಒಂದು ರಟ್ಟಿನ ಚೀಟಿ, ಅದರ ಮೇಲೊಂದು ಪ್ರಶ್ನೆ,
ಬೆನ್ನಿಗೆ ಒಂದೇ ಉತ್ತರ.
ಪಂಪಾಪತಿ ಮೇಷ್ಟ್ರು ಕನ್ನಡಕ ಏರಿಸಿ ಓದುವರು:
ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರುವ ಜಾಗದಲ್ಲಿ
ಹಿಂದೆ ಏನಿತ್ತು?
ಓದಿ, ಸುಮ್ಮನೆ ಕೂರುವರು.
ಗಡಿಯಾರ ಇರಲಿಲ್ಲ. ಅವರ ಪೆನ್ನಿನ ಕ್ಯಾಪು
ಮೂರು ಸಲ ಮೇಜಿಗೆ ತಾಗಿದರೆ
ಹೊತ್ತು ಮುಗಿಯಿತೆಂದು ಲೆಕ್ಕ.
ಆ ಮೌನದಲ್ಲಿ ಸ್ಪರ್ಧಿಯ ಬಾಯಿ ತುಸು ತೆರೆದಿರುತ್ತಿತ್ತು,
ಸೂಜಿಗೆ ದಾರ ಪೋಣಿಸುವವರ ಹಾಗೆ.

ಕೆರೆ, ಅಂದಳು ರಾಜಾಜಿನಗರದ ಹುಡುಗಿ.
ಗೆದ್ದದ್ದು ಒಂದು ದಪ್ಪ ನಿಘಂಟು.
ಸೊಂಟಕ್ಕೆ ಕೂಸಿನಂತೆ ಏರಿಸಿಕೊಂಡು
ಅದೇ ಕೆರೆಯಲ್ಲಿ ಬಸ್ಸು ಹತ್ತಿ ಮನೆಗೆ ಹೋದಳು.

ಚಾನೆಲ್ಲಿನ ಕೈ ಬದಲಾಯಿತು.
ನಾಲ್ಕು ಆಯ್ಕೆ ಬೇಕು ಅಂದರು.
ಅಂದಿನಿಂದ ಒಂದು ನಿಜಕ್ಕೆ ಮೂರು ಸುಳ್ಳು,
ಸಂಬಳ ಅಷ್ಟೇ.
ಸುಳ್ಳೇನು ಸಸಾರವಲ್ಲ ಕಣ್ರೀ.
ತೀರಾ ಪೆದ್ದಾಗಬಾರದು, ತೀರಾ ಚೂಟಿಯೂ ಬೇಡ,
ನಿಜದ ಪಕ್ಕ ನಿಲ್ಲಿಸಿದರೆ
ದಾಯಾದಿಗಳ ಹಾಗೆ ಮೂಗು ಹೋಲಬೇಕು.
ಕೆರೆ. ಕೋಟೆ. ಕುದುರೆ ಲಾಯ. ಕಬ್ಬಿನ ಗದ್ದೆ.
ಗವಿಪುರದ ಮನೆಯಲ್ಲಿ ರಾತ್ರಿ ಹನ್ನೊಂದರವರೆಗೆ
ಆ ಲಾಯಕ್ಕೆ ಹುಲ್ಲು ಹಾಕಿ, ನೀರಿಟ್ಟು,
ನಾನೇ ನಂಬುವ ತನಕ ಕೂತಿದ್ದೆ.
ಪ್ರೇಕ್ಷಕರ ವೋಟು ಹೆಚ್ಚು ಬಿದ್ದದ್ದು ಅದಕ್ಕೇ.
ಆ ವಾರ ಮೀನು ಸಾರೂ ರುಚಿಸಲಿಲ್ಲ.

ಮೇಷ್ಟ್ರನ್ನು ಶಾಲು ಹೊದಿಸಿ ಕಳಿಸಿದರು.
ಕ್ಯಾಪಿನ ಸದ್ದನ್ನು ಮಾತ್ರ ಕಂಪ್ಯೂಟರಿಗೆ ಇಳಿಸಿಕೊಂಡರು,
ಹಿಗ್ಗಿಸಿದರು, ತಮಟೆ ಬೆರೆಸಿದರು.
ಕೇಳಿದ ಮೇಷ್ಟ್ರು ಫೋನಿನಲ್ಲಿ ಅಂದರು:
‘ಯಾರದೋ ಬಾಗಿಲು ಒಡೀತಿದ್ದಾರಲ್ಲಮ್ಮ.’
ನಿಘಂಟು ಹೋಗಿ ಮಿಕ್ಸಿ, ಮಿಕ್ಸಿ ಹೋಗಿ ಕೂಪನ್ನು.

ಈ ಸೋಮವಾರ ಪ್ರಣಮ್ಯಾ
(ನಮ್ಮ ನೂರನೆಯ ಕಂತಿನ ವರ್ಷ ಹುಟ್ಟಿದವಳು,
ಒಳ್ಳೆಯ ಹುಡುಗಿ, ಎಲ್ಲರಿಗೂ ಬಾದಾಮಿ ಹಾಲು ತರಿಸುತ್ತಾಳೆ)
ಬೋರ್ಡಿನ ಮೇಲೆ ಬರೆದಳು:
ಎರಡೇ ಆಯ್ಕೆ. ನಾಲ್ಕೇ ಸೆಕೆಂಡು.
ಫೋನಿನಲ್ಲಿ ಬೆರಳು ಎಡಕ್ಕೋ ಬಲಕ್ಕೋ.
‘ಆಂಟಿ, ನಿಮಗೇ ಆರಾಮು. ಒಂದಕ್ಕೆ ಒಂದೇ ಸುಳ್ಳು.’

ಉಳಿಯತ್ತಾ ಇದು? ಅಂದೆ.
‘ಇಷ್ಟೆಲ್ಲ ಬದಲಾಗಿಯೂ ಉಳಿದಿದೆಯಲ್ಲ?’
ಉಳಿದದ್ದು ಯಾವುದು ಎಂದು ಕೇಳಬಹುದಿತ್ತು.
ಅವಳು ನನ್ನನ್ನೇ ತಿರುಗಿ ಕೇಳಿದ್ದರೆ?
ಹಾಲು ಕುಡಿದು ಎದ್ದೆ.

ಹನುಮಂತನಗರದ ಇಳಿಜಾರಿನಲ್ಲಿ ಇಮ್ದಾದನ ಅಂಗಡಿ.
ರವಿಕೆ ತರಬೇಕಿತ್ತು.
ಮೂಲೆಯ ಪುಟ್ಟ ಟಿವಿಯಲ್ಲಿ ಹಳೆಯ ಕಂತಿನ ಮರುಪ್ರಸಾರ,
ಮೆಜೆಸ್ಟಿಕ್ಕಿನ ಪ್ರಶ್ನೆ.
ಮಿಷನ್ನು ನಿಂತಿತು.
ಚಕ್ರದ ಮೇಲೆ ಅಂಗೈ ಇಟ್ಟು,
ತುಟಿಯ ಗುಂಡುಸೂಜಿ ತೆಗೆದು,
ಆಯ್ಕೆ ಬರುವ ಮೊದಲೇ ಅಂದ: ‘ಸರ್ಕಸ್ಸು!’

ಕೆರೆ ಕಣಪ್ಪ, ಅಂದೆ.
‘ಅದು ಇನ್ನೂ ಹಿಂದೆ ಮೇಡಂ.
ಕೆರೆ ಒಣಗಿದ ಮೇಲೆ, ಬಸ್ಸು ಬರೋಕೆ ಮುಂಚೆ,
ಅಲ್ಲಿ ಆನೆ ಸ್ಟೂಲಿನ ಮೇಲೆ ಕೂತಿದ್ದನ್ನ
ನಮ್ಮ ದಾದಾ ನೋಡಿದ್ರು.
ಟಿಕೆಟ್ಟಿಗೆ ಕಾಸಿಲ್ಲ, ಹರಿದ ಡೇರೆ ಹೊಲಿದುಕೊಟ್ಟು ಒಳಗೆ ಹೋದ್ರು.’

ಆಯ್ಕೆಗಳು ಬಂದವು. ಒಂದೊಂದಾಗಿ, ನನ್ನವೇ.
ನನ್ನ ಮೂರು ಸುಳ್ಳಿನಲ್ಲಿ ಆ ಆನೆ ಇರಲಿಲ್ಲ.
‘ನೋಡಿ, ಸರ್ಕಸ್ ಹಾಕೇ ಇಲ್ಲ. ಯಾವ ದಡ್ಡರು ಬರೀತಾರೋ!’
ಪರದೆಗೆ ಕತ್ತರಿ ತೋರಿಸಿ ಬೈದ.

ರವಿಕೆಯ ತೋಳು ಬಿಗಿ. ಹೇಳಲಿಲ್ಲ.
ಚೀಲದಿಂದ ಪೆನ್ನು ತೆಗೆದು, ಬಿಲ್ಲಿನ ಬೆನ್ನು ತಿರುಗಿಸಿ ಕೇಳಿದೆ:
ಆ ಡೇರೆಯ ಬಣ್ಣ ಯಾವುದಿತ್ತಂತೆ?

ಪೆಡಲಿನಿಂದ ಕಾಲು ತೆಗೆದ. ಸೂರು ನೋಡಿದ.
ಬಾಯಿ ತುಸು ತೆರೆಯಿತು.
ಕ್ಯಾಪು ಎಲ್ಲಿಯೂ ತಾಗದಂತೆ
ಬಿಗಿಯಾಗಿ ಹಿಡಿದುಕೊಂಡು ನಿಂತೆ.