ನೆಲ ಡೊಂಕಿರಲಿಲ್ಲ

ಕುಣಿಯಲಾರದವಳು ನೆಲ ಡೊಂಕೆಂದಳಂತೆ.
ನಾನು ಹಾಗೆನ್ನುವುದಿಲ್ಲ.
ಗದಗಿನ ಆ ಟರ್ಫು
ಒಂದು ಸುಕ್ಕಿಲ್ಲದ ನೀಲಿ ಚಾದರ,
ಮೈಗೆ ನೀರು ಚಿಮುಕಿಸಿಕೊಂಡು ಮಲಗಿತ್ತು.

ಡೊಂಕಿರುವುದು ನಮ್ಮದು.
ಬೈತಖೋಲಿನ ಗುಡ್ಡದ ಬುಡ, ಕೆಂಪು ಚಿರೆಕಲ್ಲಿನ ಬಯಲು,
ಒಂದು ಮೂಲೆಯಲ್ಲಿ ಒಣಗಲು ಹರವಿದ ಸಿಗಡಿ,
ಇನ್ನೊಂದರಲ್ಲಿ ಮಗುಚಿಟ್ಟ ದೋಣಿ.
ಬಡಿದ ಚೆಂಡು ಎತ್ತ ಪುಟಿಯುತ್ತದೆಂದು
ಆ ಕಲ್ಲುಗಳಿಗೆ ಗೊತ್ತು, ನಮ್ಮ ಹುಡುಗರಿಗೆ ಗೊತ್ತು.
ಡೊಂಕಿನಲ್ಲೇ ಕುಣಿದು ಕಲಿತ ಕಾಲಿಗೆ
ಡೊಂಕಿಲ್ಲದ್ದೇ ತೊಡಕಾಯಿತು ಎಂದರೆ ನಂಬುತ್ತೀರಾ?
ನಂಬಬೇಡಿ.
ಅದೇ ನೆಲದ ಮೇಲೆ ಮೊದಲರ್ಧಕ್ಕೆ
ಎರಡು ಗೋಲು ಹೊಡೆದವರು ಇವರೇ.

ಹೋದದ್ದು ಮೀನಿನ ಟೆಂಪೋದಲ್ಲಿ.
ಡೀಸೆಲ್ಲಿಗೆ ಅರ್ಧ ನನ್ನದು,
ಐಸ್ ಫ್ಯಾಕ್ಟರಿಯ ಎರಡು ದಿನದ ಪಗಾರ.
ಎಷ್ಟು ತೊಳೆದರೂ ಬಂಗಡೆಯ ವಾಸನೆ ಹೋಗಲಿಲ್ಲ,
ಅಣ್ಣಿಗೇರಿಯ ಗೇಟಿನಲ್ಲಿ ನಿಂತಾಗ
ಊರಿನ ಬೆಕ್ಕುಗಳೆಲ್ಲ ನಮ್ಮ ಅಭಿಮಾನಿಗಳು.

ಏಳನೇ ನಿಮಿಷ. ಇನಾಸ ಸಿದ್ದಿ,
ಯಲ್ಲಾಪುರದ ಕಾಡುದಾರಿಯಲ್ಲಿ ಶಾಲೆಗೆ ಓಡಿದ ಕಾಲು,
ಎಡದಂಚಿನಲ್ಲಿ ಮೂವರನ್ನು ನಿಂತಲ್ಲೇ ನಿಲ್ಲಿಸಿ
ನಾಲ್ಕನೆಯವನಿಗೆ ಬೆನ್ನು ತೋರಿಸಿದ.
ಇಪ್ಪತ್ತಾರನೇ ನಿಮಿಷ ಪೆನಾಲ್ಟಿ ಕಾರ್ನರ್,
ಮಾಬ್ಲು ಹೊಡೆದ ಹೊಡೆತಕ್ಕೆ
ಹಲಗೆಯ ಸದ್ದು ನನ್ನ ಹಲ್ಲಿನವರೆಗೆ ಬಂತು.
ಪಕ್ಕದ ಅಜ್ಜನ ಮಿರ್ಚಿಯನ್ನು ಕೇಳದೆಯೇ ತೆಗೆದು ತಿಂದೆ.

ಆಮೇಲೆ
ಬಾನಾವಳಿಕರ್ ಸರ್ ಗೆರೆಯಾಚೆ ನಿಂತು
ಹಿಂದೆ ಬನ್ನಿ, ಹಿಂದೆ ಬನ್ನಿ ಎಂದು ಕೈಬೀಸಿದರು.
ಬಂದರು.
ಹನ್ನೊಂದು ಜನ ಗೋಲಿನ ಬಾಯಿಗೆ
ಬಾಗಿಲ ಸಂದಿಗೆ ತುರುಕಿದ ಗೋಣಿಯಂತೆ ಬಂದು ನಿಂತರು.

ಇವರ ಅಜ್ಜಂದಿರು ರಂಪಣಿ ಎಳೆದವರು.
ಬಲೆಯ ಎರಡೂ ತುದಿ ದಡಕ್ಕೆ ಬಂದು
ಮೀನು ಮೊಣಕಾಲ ನೀರಿನಲ್ಲಿ ಮಿಂಚುವಾಗಲೇ
ಹಗ್ಗ ಜಾಸ್ತಿ ಬಿಗಿ ಹಿಡಿಯಬೇಕು,
ಸಂಚಿ ಮರಳ ಮೇಲೆ ಬೀಳುವವರೆಗೆ
ಯಾರೂ ಬೆವರು ಒರೆಸಬಾರದು.
ಇದನ್ನು ನಾನು ಹೇಳಿಕೊಡಬೇಕೆ, ಉದಯಾ?
ನೀನು ಹರಿಕಂತ್ರರ ಹುಡುಗನಲ್ಲವೆ?

ಒಂದು.
ಎರಡನೆಯದನ್ನು ನಾನು ನೋಡಲಿಲ್ಲ,
ಚಪ್ಪಲಿ ನೋಡುತ್ತಿದ್ದೆ.
ಮೂರನೆಯದು, ನಲವತ್ತು ಸೆಕೆಂಡು ಉಳಿದಾಗ,
ಕಾಜೆತಾನನ ಪ್ಯಾಡಿಗೆ ಬಡಿದು ಹಿಂದಿರುಗಿ
ಅವರ ಗಿಡ್ಡ ಹುಡುಗನ ಕೋಲಿಗೆ
ಸಾಲ ತೀರಿಸಲು ಬಂದಂತೆ ಬಂತು.

‘ನಿಮ್ಮ ಗೋಲಿ ಚಲೋ ಅದಾನ್ರೀ’
ಅಂದ ಮಿರ್ಚಿ ಅಜ್ಜ.
ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅರಬೈಲ್ ಘಟ್ಟ ಇಳಿಯುವಾಗ
ಖಾಲಿ ಐಸ್ ಪೆಟ್ಟಿಗೆಗಳು ಮಾತ್ರ ಮಾತಾಡಿದವು.
ಯಾರೋ ಅಂಪೈರಿನ ಹೆಸರೆತ್ತಿದ,
ಮತ್ತೆ ತಾನೇ ಇಳಿಸಿದ.
ಇನಾಸ ಯಲ್ಲಾಪುರದಲ್ಲಿ ಇಳಿದುಹೋಗಿದ್ದ,
ಬರ್ತೇನೆ ಎನ್ನದೆ.
ಇನ್ನು ಬರಲಿಕ್ಕಿಲ್ಲ ಎಂದು ನನಗನಿಸಿತು,
ಯಾರಿಗೂ ಹೇಳಲಿಲ್ಲ.
ಕಾಜೆತಾನ ಪ್ಯಾಡು ಬಿಚ್ಚದೆ
ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆಹೋದ.
ಹತ್ತೊಂಬತ್ತು ವರ್ಷ. ಬಾಯಿ ತೆರೆದಿತ್ತು.

ಬೆಳಗಿನ ಜಾವ, ಬಂದರು.
ಲಾಂಚುಗಳು ಬಂದಿದ್ದವು. ಐಸು ಪುಡಿಯಾಗುತ್ತಿತ್ತು.
ಮೊದಲು ಸಿಕ್ಕವನು ಎಷ್ಟಕ್ಕೆಷ್ಟು ಎಂದ,
ಎರಡನೆಯವನು ಕೇಳದೆಯೇ ನಕ್ಕ.
ಗೆದ್ದೆತ್ತಿನ ಬಾಲ ಹಿಡಿಯುವವರು,
ಸೋತೆತ್ತಿಗೆ ನೊಣ ಓಡಿಸಲೂ ಬರುವುದಿಲ್ಲ.

ಮೀನು ಬುಟ್ಟಿ ಇಳಿಸಿ
ಕಾಜೆತಾನನ ಅವ್ವ ಎದುರಿಗೆ ನಿಂತಳು.
‘ನನ್ನ ಹುಡುಗ ಎಷ್ಟು ಹಿಡಿದ?’
ಈ ಲೆಕ್ಕವನ್ನು
ಇಡೀ ಊರಿನಲ್ಲಿ ಇವಳೊಬ್ಬಳೇ ಕೇಳಿದ್ದು.
ಬೀಡಿಕಟ್ಟಿನ ಮೇಲೆ ಪೆನ್ನಿನಿಂದ ಗೀಚಿಟ್ಟಿದ್ದೆ,
ತೆಗೆದು ತೋರಿಸಿದೆ.
ಹನ್ನೊಂದು.

ಬೆರಳಿನಿಂದ ಗೀಟುಗಳನ್ನು ಎಣಿಸಿ,
ಸರಿಯಿದೆ ಎಂಬಂತೆ ತಲೆಯಾಡಿಸಿ,
ಬುಟ್ಟಿ ಹೊತ್ತು ಹೋದಳು.

ಆದರೂ ಹೇಳುತ್ತೇನೆ, ಅವಳಿಗೆ ಕೇಳದಿರಲಿ:
ಆ ಮೂರನೆಯದನ್ನು
ಹಿಡಿಯಬಹುದಿತ್ತು.