ಒಂದು ಕಾಲು ಮೆಟ್ಟಿಲ ಮೇಲೆ

ಲೆಲಂಡ್ ಊಟದ ಮೇಜಿನ ಮೇಲೆ ಗೆರೆ ಎಳೆದ ಹಾಳೆ ಹರಡಿದ್ದಾನೆ.
ಈ ಕಡೆ ಬೀದಿಗಳು, ಆ ಕಡೆ ಅಂಕಿಗಳು:
ಶಾಲೆಗೆ ಹತ್ತಕ್ಕೆ ಎಷ್ಟು, ತೆರಿಗೆ ಎಷ್ಟು,
ಆಸ್ಪತ್ರೆಗೆ ಎಷ್ಟು ನಿಮಿಷ,
ನೆಲಮಾಳಿಗೆಗೆ ನೀರು ಬರುತ್ತದೋ ಇಲ್ಲವೋ.
ಮೀನಿನ ಗೋದಾಮಿನ ಕೊರೆಯುವ ಚಳಿಯಲ್ಲಿ
ಹದಿನಾಲ್ಕು ವರ್ಷ ಪೆಟ್ಟಿಗೆ ಎಣಿಸಿದವನು,
ಎಣಿಸದೆ ಏನನ್ನೂ ನಂಬುವವನಲ್ಲ.

ನನ್ನ ಎಣಿಕೆಯೇ ಬೇರೆ.
ಮಿಲ್ವಾಕೀ ಪಡುವಣದ ಈ ಬಡಾವಣೆಗಳನ್ನೆಲ್ಲ
ಹನ್ನೊಂದು ಚಳಿಗಾಲ
ಹಳದಿ ಶಾಲಾ ಬಸ್ಸಿನ ಎತ್ತರದಿಂದ ಕಂಡವಳು.
ಮನೆಗಳ ಒಳಗು ನನಗೆ ಗೊತ್ತಿಲ್ಲ.
ಒಳಗಿನಿಂದ ಹೊರಬೀಳುವುದು ಗೊತ್ತು,
ಬೆಳಿಗ್ಗೆ ಏಳು ಹತ್ತಕ್ಕೆ, ಒಂದೇ ಕೈಗವಸು ತೊಟ್ಟು,
ಬಾಯಲ್ಲಿ ಇನ್ನೂ ಬ್ರೆಡ್ಡು.

ಏಜೆಂಟ್ ಮಿಸೆಸ್ ಹಾಲ್ವೊರ್ಸನ್
ಮೊದಲು ಕರೆದೊಯ್ದದ್ದು ಲಾರ್ಚ್ ಬೀದಿಗೆ.
"ಒಳ್ಳೇ ಏರಿಯಾ," ಎಂದಳು,
ಆ ಮಾತಿಗೆ ಬೆಣ್ಣೆ ಸವರಿ.
ಅಡುಗೆಮನೆಗೆ ಕಲ್ಲಿನ ಕಟ್ಟೆ, ಗ್ಯಾರೇಜಿಗೆ ಎರಡು ಕಾರು,
ಶಾಲೆಗೆ ಹತ್ತಕ್ಕೆ ಒಂಬತ್ತು.
ಲೆಲಂಡ್ ಗೋಡೆ ತಟ್ಟಿ ನೋಡಿದ,
ಕಲ್ಲಂಗಡಿ ಕೊಳ್ಳುವವನ ಹಾಗೆ.
ನಾನು ಕಿಟಕಿಯಿಂದ ಮೂಲೆಯ ಕಂಬ ನೋಡಿದೆ.
ಅದು ನನ್ನ ನಾಲ್ಕನೆಯ ನಿಲ್ದಾಣ.
ಏಳು ಮಕ್ಕಳು, ಏಳು ದಿಕ್ಕಿಗೆ ಮುಖ.
ಎಂಟನೆಯವನೊಬ್ಬನಿದ್ದ, ಓಡಿ ಬರುವವನು,
ಬ್ಯಾಗು ಬೆನ್ನಿಗೆ ಬಡಿಯುತ್ತ.
"ಇನ್ನೂ ಯಾರಾದರೂ ಬರುವವರಿದ್ದಾರಾ?"
ದಿನಾ ಕೇಳುತ್ತಿದ್ದೆ.
"ಇಲ್ಲ," ಎನ್ನುತ್ತಿದ್ದರು, ತಿರುಗಿಯೂ ನೋಡದೆ.
ಕೆಟ್ಟ ಮಕ್ಕಳೇನಲ್ಲ.
ಇಳಿಯುವಾಗ ಥ್ಯಾಂಕ್ಸ್ ಹೇಳುತ್ತಿದ್ದರು.

ಕ್ವಾರಿ ಬೀದಿ ಹಾಳೆಯ ಕೊನೆಯಲ್ಲಿತ್ತು, ಪೆನ್ಸಿಲಿನಲ್ಲಿ.
ಶಾಲೆಗೆ ಆರು. ನೆಲಮಾಳಿಗೆಯ ಗೋಡೆಯಲ್ಲಿ
ಮೊಣಕಾಲೆತ್ತರಕ್ಕೆ ಹಳೆಯ ನೀರಿನ ಗೆರೆ.
ಎದುರು ಅಂಗಳದಲ್ಲಿ ಟಾರ್ಪಾಲು ಹೊದ್ದ ದೋಣಿ,
ಸರೋವರ ಕಂಡು ಎಷ್ಟು ವರ್ಷವಾಯಿತೋ.
ಮಿಸೆಸ್ ಹಾಲ್ವೊರ್ಸನ್ ಕಾರಿನಿಂದಿಳಿದು
ತನ್ನ ಬೂಟು ನೋಡಿಕೊಂಡಳು,
ಏರಿಯಾ ಬಗ್ಗೆ ಏನೂ ಹೇಳಲಿಲ್ಲ.
ಹೇಳದ್ದು ನಮ್ಮಿಬ್ಬರಿಗೂ ಕೇಳಿಸಿತು.

ಇಲ್ಲಿ ಚೂ ಫೆಂಗ್ ಎಂಬ ಹುಡುಗನಿದ್ದ.
ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲೆ, ಒಂದು ಹಿಮದಲ್ಲಿ.
"ಒಳಗೆ ಬಾರೋ, ಚಳಿ ನುಗ್ಗುತ್ತಿದೆ," ಎಂದು ಗದರಿದರೂ
ಕದಲುತ್ತಿರಲಿಲ್ಲ.
ಮೂರನೆಯ ಮನೆಯ ಗ್ವೆನ್ನೆತ್ ಎಂಬ ಪುಟ್ಟಿ
ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು
ಇಳಿಜಾರು ಇಳಿದು ಬರುವ ತನಕ
ಬಾಗಿಲು ಮುಚ್ಚದ ಹಾಗೆ ನಿಂತಿರುತ್ತಿದ್ದ.
ನೆಂಟಳಲ್ಲ. ಒಂದೇ ತರಗತಿಯೂ ಅಲ್ಲ.
ಯಾರು ಹೇಳಿಕೊಟ್ಟರು ಎಂದು ಒಮ್ಮೆ ಕೇಳಿದೆ.
"ಅವಳು ಬರ್ತಾಳಲ್ಲ?" ಎಂದ.
ಪ್ರಶ್ನೆಯೇ ಅರ್ಥವಾಗಿರಲಿಲ್ಲ ಅವನಿಗೆ.
ಅವನು ದೊಡ್ಡ ಶಾಲೆಗೆ ಹೋದ ಮೇಲೆ
ಇನ್ನೊಂದು ಕಾಲು ಬಂತು, ಕೆಂಪು ಬೂಟಿನದು.
ಆಮೇಲೆ ಮತ್ತೊಂದು.
ಗ್ವೆನ್ನೆತ್ ಬಸ್ಸು ಹತ್ತುವುದು ನಿಂತು ಹೋದ ಮೇಲೂ.

ರಾತ್ರಿ ಇದನ್ನೆಲ್ಲ ಲೆಲಂಡ್‌ಗೆ ಹೇಳಿದೆ.
ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು
ಹಾಳೆಯ ಚೌಕಗಳ ಮೇಲೆ ಬೆರಳಾಡಿಸಿದ.
"ಇದನ್ನು ಯಾವ ಮನೆಯಲ್ಲಿ ಬರೆಯಲಿ?"
ಮನೆಗಳೆಲ್ಲ ತುಂಬಿಹೋಗಿದ್ದವು.
ಆಮೇಲೆ ಬಹಳ ಹೊತ್ತು,
ನೀರೆತ್ತುವ ಪಂಪಿಗೆ ಎಷ್ಟಾಗುತ್ತದೆ,
ಗೋಡೆಗೆ ಎಷ್ಟಾಗುತ್ತದೆ ಎಂದು
ಹಾಳೆಯ ಬೆನ್ನಿಗೆ ಬರೆಯುತ್ತ ಕೂತ.
ಅವನ "ಹೂಂ" ಯಾವಾಗಲೂ ಹೀಗೇ.

ನವೆಂಬರಿನ ಮೊದಲ ಹಿಮ.
ಈ ರೂಟು ಈಗ ನನ್ನದಲ್ಲ,
ಹೊಸ ಚಾಲಕನ ಬ್ರೇಕು ಸ್ವಲ್ಪ ಒರಟು.
ಒಂದು ದಿನ ರಜೆ ಹಾಕಿ ಕಿಟಕಿಯಲ್ಲಿ ನಿಂತಿದ್ದೇನೆ.
ದೂರದಲ್ಲಿ ಯಾವನೋ ಪುಟ್ಟವನು
ಜಾರುತ್ತ, ಏಳುತ್ತ, ಬರುತ್ತಿದ್ದಾನೆ.
ನಮ್ಮ ಓಡೆಟ್ ನೋಡಲಿಲ್ಲ.
ಎರಡೂ ಕಾಲು ಒಳಗಿಟ್ಟು
ಕಿಟಕಿ ಪಕ್ಕದ ಸೀಟು ಹಿಡಿದಳು.
ಬಾಗಿಲಲ್ಲಿ ನೀಲಿ ಬೂಟೊಂದು ನಿಂತಿತ್ತು,
ಯಾರದೋ.

ಸಂಜೆ ಕೇಳಬೇಕೆಂದಿದ್ದೆ ಅವಳನ್ನು.
ಕೇಳಲಿಲ್ಲ.
ಕೆಳಗೆ, ಕತ್ತಲಲ್ಲಿ,
ಪಂಪು ತನ್ನಷ್ಟಕ್ಕೆ ತಾನೇ ಶುರುವಾಯಿತು.